ಹೊಸ್ತಿಲಾಚೆಯ ಎಡೆ

ಗುಂಡ್ಲುಪೇಟೆ
೧೭ ಸೆಪ್ಟೆಂಬರ್ ೨೦೨೫

ಶರತ್ ಅವರಿಗೆ,

ಹೆಸರಿನ ಹಿಂದೆ ಮುಂದೆ ಏನನ್ನೂ ಸೇರಿಸದೆ ಬರೆಯುತ್ತಿದ್ದೇನೆ. ಸೇರಿಸಬಹುದಾದ ಪದಗಳು ಸದ್ಯಕ್ಕೆ ನನ್ನ ಬಳಿ ಇಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಹಾಗೆ ಆಡಿದ ಮಾತು ನಿಮ್ಮ ಕಿವಿಯಲ್ಲಿ ಉಳಿಯುತ್ತದೆ, ಉಳಿದದ್ದು ಕೊನೆಗೆ ಯಾರ ಬಾಯಿಗೆ ಹೋಗುತ್ತದೆ ಎಂಬುದು ಈಗ ಗೊತ್ತಾಗಿದೆ. ಬರೆದರೆ, ಕೈಬರಹ ನನ್ನದು ಎನ್ನುವಷ್ಟಾದರೂ ನನ್ನದಾಗಿರುತ್ತದೆ.

ವಿಷಯ ಇಷ್ಟೆ. ಭಾನುವಾರ ಮಹಾಲಯ ಅಮಾವಾಸ್ಯೆ. ಹಂಗಳದ ನಮ್ಮ ಮನೆಗೆ ಬರಬೇಡಿ. ಹೊಸ್ತಿಲಾಚೆಯ ಎಡೆಯನ್ನು ಈ ಸಲ ನೀವು ಇಕ್ಕುವುದು ಬೇಡ. ಇದರ ಅರ್ಥ ನಮ್ಮಿಬ್ಬರಿಗೂ ಗೊತ್ತು. ನೀವು ಚಾಮರಾಜನಗರದ ಬಾಡಿಗೆ ಮನೆಗೆ ಹೋದ ಮೇಲೆ ಉಳಿದಿದ್ದದ್ದು ಅದೊಂದೇ ದಿನ. ಆ ದಿನದ ಮಟ್ಟಿಗೆ ನೀವು ಆ ಮನೆಯ ಅಳಿಯ, ನಾನು ನಿಮ್ಮ ಹೆಂಡತಿ.

‘ಬಾರದ ಹಡಗು’ ಟಿ.ವಿ. ಧಾರಾವಾಹಿಯ ಒಂದು ಸಂಚಿಕೆಯನ್ನೂ ನಾನು ಬಿಟ್ಟಿಲ್ಲ. ಬೇರೆ ಊರಿನಲ್ಲಿರುವ ಗಂಡ ಬರೆದ ಮಾತುಗಳನ್ನು ಸಂಜೆ ಹೊತ್ತು ಬೇರೆಯವರ ಬಾಯಲ್ಲಿ ಕೇಳುತ್ತ ಕೂರುವುದೂ ಒಂದು ಬಗೆಯ ಸಂಸಾರವೇ. ಅಂಡಮಾನಿನ ಕಾಡು ಕಡಿಯುವ ಕೈದಿಗಳು, ಅವರ ಕಾಲಿಗೆ ಕಬ್ಬಿಣದ ಬಳೆ, ಕೊರಳಲ್ಲಿ ಮರದ ಬಿಲ್ಲೆ, ಬಿಲ್ಲೆಯ ಮೇಲೆ ಬಿಡುಗಡೆಯ ವರ್ಷ. ಆ ದ್ವೀಪವನ್ನು ಕಟ್ಟಿದ್ದು ನಾವಿಬ್ಬರೂ. ಶಾಲೆಯ ಗ್ರಂಥಾಲಯದಿಂದಲೂ ಮೈಸೂರಿನಿಂದಲೂ ಪುಸ್ತಕ ಹೊತ್ತು ತಂದವಳು ನಾನು. ಬಿಲ್ಲೆಯ ವಿಚಾರ ಓದಿ ಹೇಳಿದಾಗ ನೀವು ಪೆನ್ನು ಕೆಳಗಿಟ್ಟಿರಿ, ಅವತ್ತು ಮತ್ತೆ ಬರೆಯಲಿಲ್ಲ. ಇಷ್ಟು ಮರುಗುವ ಮನುಷ್ಯನಲ್ಲ ಎಂದುಕೊಂಡಿದ್ದೆ, ತಪ್ಪು ತಿಳಿದಿದ್ದೆ ಎನಿಸಿತು. ದ್ವೀಪದ ಪುಟಗಳನ್ನೆಲ್ಲ ನನಗೆ ತೋರಿಸಿದಿರಿ. ಕೈದಿಯ ಊರಿನ ಪುಟಗಳನ್ನು ತೋರಿಸಲಿಲ್ಲ. ಅವನ್ನು ಬರೆಯುವುದಕ್ಕೆ ನಿಮಗೆ ಏಕಾಂತ ಬೇಕಾಯಿತು, ಚಾಮರಾಜನಗರ ಬೇಕಾಯಿತು.

ಆಗ ನಮ್ಮ ಶಾಲೆಯ ಬೃಂದಾ ಸ್ಟಾಫ್ ರೂಮಿನಲ್ಲಿ ಪಕ್ಕಕ್ಕೆ ಬಂದು, “ತಪ್ಪು ತಿಳ್ಕೋಬೇಡಿ ಮೇಡಂ, ಅಲ್ಲಿ ಇನ್ಯಾರಾದ್ರೂ ಹೆಂಗಸು...” ಎಂದು ಅರ್ಧಕ್ಕೆ ನಿಲ್ಲಿಸಿದ್ದಳು. ಇಲ್ಲ ಎಂದಿದ್ದೆ. ಈಗ ಕೇಳಿದರೆ ಇದ್ದಾಳೆ ಎನ್ನುತ್ತೇನೆ. ನನ್ನ ಮುತ್ತಜ್ಜನ ತಾಯಿ.

ಮದುವೆಯಾದ ವರ್ಷದ ಅಮಾವಾಸ್ಯೆ ನೆನಪಿರಬೇಕು. ನಡುಮನೆಯಲ್ಲಿ ಸತ್ತ ಹಿರಿಯರಿಗೆಲ್ಲ ಸಾಲಾಗಿ ಎಡೆ. ಹೊರಗೆ, ಹೊಸ್ತಿಲು ದಾಟಿ ಜಗಲಿಯ ಮೇಲೆ, ಒಂಟಿ ಎಲೆ. ಅದನ್ನು ಮನೆಯ ಅಳಿಯನೇ ಇಕ್ಕಬೇಕು, ಪಕ್ಕದಲ್ಲಿ ನೀರಿನ ಲೋಟವನ್ನು ಬೋರಲು ಹಾಕಬೇಕು. ಅವ್ವ ನಿಮ್ಮನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಏನೋ ಹೇಳಿದಳು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಆ ಎಡೆ ಯಾರಿಗೆ ಎಂದು ಕೇಳಿದೆ. ದಾರಿಹೋಕರಿಗೆ ಎಂದಿರಿ. ಚಿಕ್ಕಂದಿನಲ್ಲಿ ಅಪ್ಪ ಹೇಳಿದ್ದೂ ಅದನ್ನೇ. ದಾರಿಹೋಕರಿಗೆ ಅನ್ನವಿಟ್ಟು ನೀರು ಯಾಕೆ ಕೊಡುವುದಿಲ್ಲ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಮಕ್ಕಳಿಗೆ ಇತಿಹಾಸ ಹೇಳಿಕೊಡುವವಳು ನಾನು.

ಎಡೆ ಇಕ್ಕಿ ಒಳಗೆ ಬಂದವರು ನೀವು ಸೀದಾ ಅಡುಗೆಮನೆಗೆ ನುಗ್ಗಿ ಪಾಯಸದ ಪಾತ್ರೆಯ ತಳ ಹಿಡಿದದ್ದನ್ನು ಕೆರೆದು ತಿನ್ನುತ್ತಿದ್ದಿರಿ. ಆ ಮನೆಯಲ್ಲಿ ಬೇರೆ ಯಾರಿಗೂ ಸೇರದ್ದು ಅದು. ನನ್ನ ತಮ್ಮ ಮಂಟೇಸ್ವಾಮಿಯ ಹೆಂಡತಿ ರಂಜಿನಿಗೆ ಪ್ರತಿ ವರ್ಷ ಅದೊಂದು ತಮಾಷೆ. “ಅಣ್ಣ ಬಂದ್ರೆ ಪಾತ್ರೆ ಉಜ್ಜೋ ಕೆಲ್ಸ ತಪ್ತದೆ ಬುಡಿ” ಎನ್ನುತ್ತಿದ್ದಳು. ನೀವು ಮನೆಯವರಾದಿರಿ ಎಂದು ನನಗೆ ಅನ್ನಿಸುತ್ತಿದ್ದದ್ದು ಆ ಕೆರೆಯುವ ಸದ್ದಿನಲ್ಲಿ.

ಹೋದ ಗುರುವಾರದ ಸಂಚಿಕೆಯಲ್ಲಿ ಕೈದಿ ಬಿಡುಗಡೆಯಾಗಿ ಊರಿಗೆ ಬಂದ. ಶಿಕ್ಷೆಯಾದಾಗಲೇ ಮನೆಯವರು ಅವನನ್ನು ಸತ್ತವರಲ್ಲಿ ಸೇರಿಸಿದ್ದರು, ನೀರು ದಾಟಿದವನು ಎಲ್ಲಿ ಬರುತ್ತಾನೆ ಎಂದು. ಹೆಂಡತಿಯ ಬಳೆ ಒಡೆಸಿ, ಆಮೇಲೆ ಅವನ ತಮ್ಮನ ಜೊತೆಗೇ ಕೂಡಿಕೆ ಮಾಡಿದ್ದರು. ಮಕ್ಕಳೂ ಆಗಿದ್ದವು. ಅವನು ಬಂದ ದಿನ ಅಮಾವಾಸ್ಯೆ. ಒಳಗೆ ಸತ್ತವರ ಸಾಲಿನಲ್ಲಿ ಅವನ ಎಡೆಯೂ ಇತ್ತು. ಜಗಲಿಯ ಮೇಲೆ ಕೂತು ನೀರು ಕೇಳಿದ. ಅವಳು ಲೋಟ ತಂದು ಹೊಸ್ತಿಲ ಮೇಲಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡಳು. ಬಾಗಿಲ ಮೇಲಿನ ಅಡ್ಡಪಟ್ಟಿಯನ್ನೊಮ್ಮೆ ನೋಡಿದಳು. ಈ ಮನುಷ್ಯ ಯಾರೋ ನಾನು ಕಾಣೆ ಎಂದಳು. ನೀರು ಚೆಲ್ಲಿ ಲೋಟವನ್ನು ಬೋರಲು ಹಾಕಿದಳು.

ಲೋಟ ಬೋರಲಾಗುವವರೆಗೂ ಅದು ನನಗೆ ಯಾರದೋ ಕಥೆ. ಆಮೇಲೆ ಸೋಪಿನ ಜಾಹೀರಾತು ಬಂತು. ಅದನ್ನು ಪೂರ್ತಿ ನೋಡಿದೆ.

ಮರುದಿನ ತರಗತಿಯಲ್ಲಿ ಸೀಮೆಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಏನೋ ಹೇಳುವ ಮೊದಲು ಮೇಲೆ ನೋಡಿದೆ. ಮುಂದಿನ ಬೆಂಚಿನ ಹುಡುಗಿಯರೆಲ್ಲ ಕಿಸಕ್ಕೆಂದರು. “ಮಿಸ್, ಥೇಟ್ ಸೀರಿಯಲ್ ಎಂಗ್ಸಿನ್ ತರಾನೇ ಮಾಡ್ತೀರ!” ನಾನೂ ನಕ್ಕೆ. ಇಷ್ಟು ವರ್ಷ ನನ್ನನ್ನು ನೋಡುತ್ತಿದ್ದಿರಿ ಎಂದು ಮಾತ್ರ ತಿಳಿದಿದ್ದೆ. ಕೂಡಿಡುತ್ತಿದ್ದಿರಿ ಎಂದು ತಿಳಿದಿರಲಿಲ್ಲ.

ಮೊನ್ನೆ ಭಾನುವಾರ ಹಂಗಳಕ್ಕೆ ಹೋದೆ. “ಅತ್ತೆ ಸರ್ಯಾಗಿ ಉಣ್ತಿಲ್ಲ, ಒಂದ್ಸಲ ಬಂದೋಗಿ ಅಕ್ಕ” ಎಂದು ರಂಜಿನಿ ಫೋನ್ ಮಾಡಿದ್ದಳು. ಅವ್ವ ಜಗಲಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಪುಟ್ಟಮಾದಮ್ಮ ಎಂಬ ಈ ನಮ್ಮವ್ವ ಅಳುವುದನ್ನು ನೀವೂ ನೋಡಿಲ್ಲ, ನಾನೂ ನೋಡಿಲ್ಲ. ಅವತ್ತೂ ಅಳಲಿಲ್ಲ. ನಾನೇನೂ ಕೇಳದೆಯೇ ಶುರುಮಾಡಿದಳು.

“ಈ ಮನೇಲಿ ಉಟ್ದೋರ್ಗೆ ಏಳ್ಬಾರ್ದು ಅಂತ ನಮ್ಮತ್ತೆ ಆಣೆ ಆಕ್ಸ್ಕಂಡಿದ್ರು ಕಣಮ್ಮಿ. ನೀವೆಲ್ಲ ಅವಳ್ ಮಕ್ಳ್ ಮಕ್ಳು. ನಿಮ್ಮಜ್ಜೀನ ನೀವೇ ಬೈಯಂಗಾಗ್ಬಾರ್ದು ನೋಡು. ಒರಗಿಂದ ಬಂದೋರ್ಗಾದ್ರೆ ಏಳ್ಬೋದು. ಸೊಸೇರ್ಗೆ, ಅಳಿಯಂಗೆ.”

ಇನ್ನೊಂದು ಎಸಳು ಸುಲಿದು, “ಒರಗ್ನೋನು, ಒರಗೇ ಮಡಿಕ್ಕಂಡಿರ್ತಾನೆ ಅನ್ಕಂಡೆ” ಎಂದಳು.

ಹಾಗಾದರೆ ರಂಜಿನಿಗೂ ಗೊತ್ತಿತ್ತು. ಅವಳು ತಲೆ ತಗ್ಗಿಸಿಕೊಂಡು ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡುತ್ತಿದ್ದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳು ಯಾರಿಗೂ ಹೇಳಿಲ್ಲ.

ಆ ಕೈದಿಯ ಹೆಸರು ಚಿಕ್ಕಬೀರಯ್ಯ ಎಂದು ಅವತ್ತು ನನಗೆ ಗೊತ್ತಾಯಿತು. ಗುಡ್ಡದಾಚೆ ಬ್ರಿಟಿಷರ ಸೀಮೆಯಲ್ಲಿ ಮರದ ಕಂಟ್ರಾಕ್ಟರನ ಆಳೊಬ್ಬನನ್ನು ಜಗಳದಲ್ಲಿ ಹೊಡೆದು ಕೊಂದವನು. ಅವ್ವ ಆ ಹೆಸರನ್ನು ಬೆಳ್ಳುಳ್ಳಿಗೆ ಹೇಳುವಂತೆ ಹೇಳಿದಳು. ಅಷ್ಟರಲ್ಲಿ ಮಂಟೇಸ್ವಾಮಿ ಬಂದ, ಬೈಕಿನಿಂದ ಇಳಿಯದೆಯೇ, “ಭಾವ ಊರ್ಗೆಲ್ಲ ಎಡೆ ಇಕ್ಬುಟ್ಟವ್ರೆ. ಇನ್ನ ಒಸ್ಲಾಚೆ ಇಕ್ಕಕ್ಕೆ ಏನ್ ಉಳ್ಸವ್ರೆ?” ಎಂದ. ಹಂಗಳದಲ್ಲಿ ನಮ್ಮ ಜಗಲಿಯ ಬೋರಲು ಲೋಟವನ್ನು ನೋಡದವರು ಯಾರಿದ್ದಾರೆ ಹೇಳಿ. ಟೀ ಅಂಗಡಿಯಲ್ಲಿ ಅವನನ್ನು ಕರೆದು ಕೂರಿಸಿ, “ಏನ್ಲಾ ಮಂಟೇಸ, ನಿಮ್ಮನೇಲಿ ಈಗ್ಲಾದ್ರೂ ಬಂದೋರ್ಗೆ ನೀರ್ ಕೊಡ್ತೀರೇನ್ಲಾ?” ಎಂದರಂತೆ. ಅವನು ಈಗ ಟೀ ಕುಡಿಯಲು ಬೇಗೂರಿಗೆ ಹೋಗುತ್ತಾನೆ.

ಅವ್ವನ ಚಿಂತೆ ಬೇರೆ. “ಮುಂದ್ಕೆ ಅವಳ್ನ ಏನ್ ಮಾಡ್ತಾನಂತೆ? ಉಚ್ಚು ಇಡುಸ್ತಾನ, ಬಾವೀಗ್ ಬೀಳುಸ್ತಾನ?” ಎಂದು ಕೇಳಿದಳು, ಆ ಹೆಂಗಸು ಇನ್ನೂ ನಿಮ್ಮ ಕೈಯಲ್ಲಿ ಇರುವವಳಂತೆ. ನಿಜವಾಗಿ ಏನಾಯಿತು ಎಂದೆ.

“ಏನಾಯ್ತದೆ? ಮಕ್ಳ್ ಸಾಕುದ್ಲು. ಅವನು ಬೇಗೂರ್ ತಾವ ಮರದಡೀಲಿ ಸತ್ನಂತೆ ಅಂತ ಯಾರೋ ಬಂದ್ ಏಳುದ್ರು. ಆ ವರ್ಸ ಒಳಗಿದ್ದ ಅವನೆಡೇನ ತಾನೇ ಎತ್ಕಂಬಂದು ಒರಗಿಟ್ಲು. ಅವನು ಕೂತಿದ್ದ ಜಾಗ್ದಲ್ಲೇ. ಸಾಯೋಗಂಟ ಅವಳೇ ಇಕ್ಕುದ್ಲು. ಲೋಟಾನೂ ಅವಳೇ ಬೋರ್ಲಾಕೋಳು, ಮಾಡಿದ್ದು ಮರೀಬಾರ್ದು ಅಂತ. ನನ್ ಕಾಲಕ್ಕೆ ಅಳಿಯಂದ್ರು ಇಕ್ಕದು ಅಂತಾಯ್ತು. ಇದೆಲ್ಲಾನೂ ಏಳಿದ್ದೆ ಅವನ್ಗೆ.”

ಈ ಮಾತನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ನಿಮಗೆ ಗೊತ್ತಿತ್ತು. ಲೋಟ ಬೋರಲಾಗುವವರೆಗೆ ತೋರಿಸಿದಿರಿ. ಎಲೆ ಹೊರಗೆ ಬಂದದ್ದನ್ನು ತೋರಿಸಲಿಲ್ಲ.

ಸೋಮವಾರ ನೀವೇ ಫೋನ್ ಮಾಡಿದಿರಿ. ಹೆಸರು ಹಾಕಿಲ್ಲವಲ್ಲ ಎಂದಿರಿ. ಮುಚ್ಚಿಟ್ಟದ್ದನ್ನು ಹೇಳುವುದೇ ನಿಮ್ಮ ಕೆಲಸ ಎಂದಿರಿ. ಎಲೆಯ ವಿಷಯ ಕೇಳಿದ್ದಕ್ಕೆ, ಬರೆದಿದ್ದೆ, ಚಾನೆಲ್ಲಿನವರು ಬೇಡವೆಂದರು, ಅದನ್ನು ತೋರಿಸಿದರೆ ಜನ ಅವಳನ್ನು ಬೈಯುವುದು ನಿಂತುಹೋಗುತ್ತದಂತೆ ಎಂದಿರಿ. ನಿಜವೇ ಇರಬಹುದು. ದಾರಿಹೋಕರಿಗೆ ಎಂದದ್ದೊಂದು ಬಿಟ್ಟರೆ ನೀವು ಸುಳ್ಳು ಹೇಳುವವರಲ್ಲ. ಹೇಳದೆ ಇರುವವರು.

ಕಥೆಯನ್ನು ಹೇಳಿದಿರಿ ಎಂದು ನನ್ನ ತಕರಾರಿಲ್ಲ. ಆ ಆಣೆಯ ಮೇಲೂ ನನಗೆ ಅಂಥ ಗೌರವವೇನಿಲ್ಲ. ಹುಟ್ಟಿದವರಿಗೆ ಹೇಳಬಾರದು ಎಂಬುದು ಹೊರಗಿನಿಂದ ಬಂದವರ ಹೆಗಲಿಗೆ ಭಾರ ದಾಟಿಸುವ ಉಪಾಯ ಎಂದು ಬೇಕಾದರೆ ನೀವು ವಾದಿಸಬಹುದು, ನಾನು ಒಪ್ಪಿಯೂ ಬಿಡಬಹುದು. ಆದರೆ ಆಣೆ ಮುರಿಯಬೇಕು ಎನ್ನಿಸಿದ ದಿನ ನಾನು ಪಕ್ಕದ ಕೋಣೆಯಲ್ಲಿದ್ದೆ. ಉತ್ತರಪತ್ರಿಕೆ ತಿದ್ದುತ್ತಲೋ, ನಿಮಗಾಗಿ ಅಂಡಮಾನಿನ ಪುಸ್ತಕದಲ್ಲಿ ಗುರುತು ಹಾಕುತ್ತಲೋ ಇದ್ದೆ. ಎದ್ದು ಬಂದು ಹೇಳಬಹುದಿತ್ತು. ಅವ್ವನಿಗೆ ಕೊಟ್ಟ ಮಾತನ್ನು ಇಷ್ಟು ವರ್ಷ ನನ್ನೊಬ್ಬಳಿಂದ ಕಾಪಾಡಿದಿರಿ. ಆಮೇಲೆ ಎಲ್ಲರಿಗೂ ಒಟ್ಟಿಗೆ ಕೊಟ್ಟಿರಿ. ಆ ಎಲ್ಲರಲ್ಲಿ ನಾನೂ ಒಬ್ಬಳು.

ತರಗತಿಯ ಗೋಡೆಯಲ್ಲಿ ಭಾರತದ ಭೂಪಟವಿದೆ. ಬಂಗಾಳ ಕೊಲ್ಲಿಯಲ್ಲಿ ಒಂದಷ್ಟು ಚುಕ್ಕೆಗಳು. ಕೋಲಿನ ತುದಿಯಿಂದ ಅವನ್ನು ತೋರಿಸಿ, ಇಲ್ಲಿಗೆ ಕಳಿಸಿದ ಕೈದಿಗಳು ಸಾಮಾನ್ಯವಾಗಿ ಹಿಂತಿರುಗುತ್ತಿರಲಿಲ್ಲ ಎಂದು ಪ್ರತಿ ವರ್ಷ ಹೇಳುತ್ತ ಬಂದಿದ್ದೇನೆ. ಈ ವರ್ಷ ಆ ವಾಕ್ಯವನ್ನು ಹೇಗೆ ಹೇಳಬೇಕೋ ತಿಳಿಯುತ್ತಿಲ್ಲ.

ಭಾನುವಾರದ ಬಗ್ಗೆ ಮತ್ತೆ ಸಂದೇಹ ಉಳಿಯಬಾರದು. ಬರಬೇಡಿ. ಬಂದರೆ ಅವ್ವ ಕೂಗಾಡುವವಳಲ್ಲ, ಮಂಟೇಸ್ವಾಮಿಯ ಬಾಯಿ ಜೋರು ಅಷ್ಟೆ, ಹಾಗೆಂದು ಬಂದುಬಿಡಬೇಡಿ. ಬೆಳಗಿನ ಬಸ್ಸಿಗೆ ಬಂದರೆ ಹಂಗಳದಲ್ಲಿ ಇಳಿಯುವ ಹೊತ್ತಿಗೆ ಅಡುಗೆ ಇನ್ನೂ ಆಗಿರುವುದಿಲ್ಲ. ಆ ಬಸ್ಸಿಗೆ ಈ ಸಲ ನಮ್ಮ ಮನೆಯಿಂದ ಯಾರೂ ಕಾಯುವುದಿಲ್ಲ.

ಇಂತಿ,
ಶಶಿರೇಖಾ

ಮರೆತದ್ದು: ೨೨ ಸೆಪ್ಟೆಂಬರ್, ಸೋಮವಾರ

ಇದನ್ನು ಅಂಚೆಗೆ ಹಾಕಿರಲಿಲ್ಲ. ಬುಧವಾರದಿಂದ ಬ್ಯಾಗಿನಲ್ಲೇ ಇತ್ತು. ಅಂಚೆಪೆಟ್ಟಿಗೆ ಶಾಲೆಯ ಗೇಟಿನ ಎದುರಿಗೇ ಇದೆ, ದಿನಾ ಅದರ ಮುಂದೆಯೇ ಹಾದುಹೋದೆ. ಹಾಗಾಗಿ ಬರಬೇಡಿ ಎಂದು ನಾನು ಬರೆದದ್ದು ನಿಮಗೆ ಗೊತ್ತೇ ಇಲ್ಲ. ಆದರೂ ನೀವು ಬರಲಿಲ್ಲ.

ಮಧ್ಯಾಹ್ನ ದಾಟಿದರೂ ಜಗಲಿಯ ಮೇಲೆ ಎಲೆ ಖಾಲಿಯೇ ಇತ್ತು. ಮಂಟೇಸ್ವಾಮಿ ಸುಮ್ಮಸುಮ್ಮನೆ ಬಸ್ ನಿಲ್ಲುವ ಕಡೆಗೆ ಹೋಗಿ ಬರುತ್ತಿದ್ದ. ಕೇಳಿದರೆ ಬೆಂಕಿಪೊಟ್ಟಣ ತರುವುದಕ್ಕೆ ಎಂದ. ಕೊನೆಗೆ ಅವ್ವ, “ಇನ್ನ ಗೊತ್ತಾಗೋಯ್ತಲ್ಲ, ನೀನೇ ಇಕ್ಕಮ್ಮಿ” ಎಂದಳು. ಇಕ್ಕಿದೆ. ಅನ್ನ, ಸಾರು, ಪಲ್ಯ, ವಡೆ, ಪಾಯಸ. ಲೋಟವನ್ನು ಬೋರಲು ಹಾಕಲು ನನ್ನ ಕೈ ಬರಲಿಲ್ಲ, ನೀರು ತುಂಬಿಸಿ ಇಟ್ಟೆ. ಆಮೇಲೆ ಅಡುಗೆಮನೆಗೆ ಹೋಗಿ ಇನ್ನೂ ಏನನ್ನೋ ತಂದು ಎಲೆಯ ತುದಿಗೆ ಹಾಕಿದೆನಂತೆ. ರಂಜಿನಿಯ ಮುಖ ನೋಡಿದ ಮೇಲೆ ಬಗ್ಗಿ ನೋಡಿದೆ. ಪಾಯಸದ ಪಾತ್ರೆಯ ತಳ ಕೆರೆದದ್ದು. ಈ ಸಲ ಅವಳು ನಗಲಿಲ್ಲ.

ಅವ್ವ ಕಷ್ಟಪಟ್ಟು ಬಾಗಿ, ಅದಷ್ಟನ್ನು ಮಾತ್ರ ಬೆರಳಿನಿಂದ ಬಳಿದು ಎಲೆಯಿಂದ ತೆಗೆದಳು. “ಬದುಕಿರೋರ್ಗೆ ಎಡೆ ಇಕ್ಬಾರ್ದು ಕಣಮ್ಮಿ” ಎಂದಳು. “ಈ ಮನೇಲಿ ಒಂದ್ಸಲ ಇಕ್ಕಿದ್ದೇ ಸಾಕು.”