ಬಂದ್ ದಿನ ಬಾಬುಘಾಟಿಗೆ ಸೈಕಲ್

ಗಾರ್ಡನ್ ರೀಚ್, ಕಲ್ಕತ್ತಾ
ಬುಧವಾರ ಸಂಜೆ

ಪ್ರೀತಿಯ ಚಂದ್ರಕ್ಕ,

ನಾವು ಆರಾಮ. ಇವತ್ತು ಬಂದ್. ಬಸ್ಸೂ ಇಲ್ಲ, ಕಾರೂ ಇಲ್ಲ. ಎರಡು ತಿಂಗಳಿಂದ ಓಣಿಯೊಳಗೇ ಸೈಕಲ್ ಕಲಿಯುತ್ತಿದ್ದ ನಾನು ಮೊದಲ ಸಲ ದೊಡ್ಡ ರಸ್ತೆಗೆ ಇಳಿದೆ. ನದಿ ಪಕ್ಕದ ಬಾಬುಘಾಟಿಗೆ ಹೋಗಿ ಬರುವ ಎಂದು ಇವರೂ ತಮ್ಮ ಸೈಕಲ್ಲಿನಲ್ಲಿ ಜೊತೆಗೆ ಬಂದರು. ಖಿದಿರ್‌ಪುರದಲ್ಲಿ ಕೆಂಪು ಬಾವುಟದವರು ತಡೆದು, "ಕೆಲಸಕ್ಕೆ ಹೊರಟಿರೋ?" ಎಂದು ಕೇಳಿದರು. "ಇಲ್ಲ, ತಿರುಗಾಡಲಿಕ್ಕೆ" ಎಂದೆ. ರಸ್ತೆಗೆ ಅಡ್ಡ ಇಟ್ಟಿದ್ದ ಬೆಂಚು ಸರಿಸಿ ದಾರಿ ಬಿಟ್ಟರು. ಹತ್ತು ಮಾರು ಹೋಗುವಷ್ಟರಲ್ಲಿ ಟ್ರಾಮ್ ಹಳಿಯೊಳಗೆ ಚಕ್ರ ಸಿಕ್ಕಿ ಬಿದ್ದೆ. ಅವರೇ ಓಡಿ ಬಂದು ಎಬ್ಬಿಸಿ, ಹ್ಯಾಂಡಲ್ ನೇರ ಮಾಡಿ, ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಟ್ಟರು. "ಹಳಿಯನ್ನು ಅಡ್ಡಕ್ಕೆ ದಾಟಬೇಕು ದೀದಿ" ಎಂದರು ಅವರಲ್ಲಿ ಹಿರಿಯರೊಬ್ಬರು. ಇವರು, "ಸಾಕು, ಮನೆಗೆ ಹೋಗುವ" ಎಂದರು. ಆದರೆ ನನಗೆ ಶಾಲೆಯಲ್ಲಿ ಕೆಲಸ ಸಿಕ್ಕಿದೆ, ಒಂದನೇ ತಾರೀಕಿನಿಂದ ಇದೇ ದಾರಿಯಲ್ಲಿ ಹೋಗಬೇಕಲ್ಲ, ಮತ್ತೆ ಹತ್ತಿದೆ. ಬಾಬುಘಾಟಿನಲ್ಲಿ ಮನೆಯಷ್ಟು ಎತ್ತರಕ್ಕೆ ಹುಲ್ಲು ಹೇರಿದ ದೋಣಿ ನೋಡಿಕೊಂಡು ಊಟದ ಹೊತ್ತಿಗೆ ವಾಪಸು ಬಂದೆವು.

ಮೊಣಕಾಲು ತರಚಿದೆ, ಟಿಂಚರ್ ಹಾಕಿದ್ದೇನೆ. ಅಮ್ಮನಿಗೆ ಓದಿ ಹೇಳುವಾಗ ಬಿದ್ದದ್ದನ್ನು ಬಿಟ್ಟುಬಿಡು. ಕೆಲಸ ಸಿಕ್ಕಿದ್ದನ್ನು ಎರಡು ಸಲ ಓದು.

ನಿನ್ನ
ಆಶಾಲತಾ