ಮಂಡಿಗೆ ಹಚ್ಚುವ ಎಣ್ಣೆ

ಮೂಡುಬಿದಿರೆ
೧೪-೭-೨೦೦೨, ಆದಿತ್ಯವಾರ

ಪ್ರೀತಿಯ ಸಮೀನಾ,

ಕವರಿನ ಮೇಲಿನ ನನ್ನ ಅಕ್ಷರ ನೋಡಿದ ಕೂಡಲೇ ನೀನು ಇದನ್ನು ಒಲೆಗೆ ಹಾಕುತ್ತೀಯೋ ಏನೋ. ಹಾಕುವುದಾದರೆ ಓದಿಯೇ ಹಾಕು ಮಾರಾಯ್ತಿ. ವೇಣೂರಿನ ಶಾಲೆಯಲ್ಲಿ ಏಳು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು. ಮಾತೆಲ್ಲ ತುಳುವಿನಲ್ಲಿ, ಜಗಳವಾದಾಗ ಮಾತ್ರ ಕನ್ನಡದಲ್ಲಿ ಚೀಟಿ ಬರೆದು ದಾಟಿಸುವುದು. ಇದೂ ಅಂಥದೇ ಒಂದು ಚೀಟಿ ಎಂದುಕೋ, ಸ್ವಲ್ಪ ಉದ್ದದ್ದು.

ಮೊನ್ನೆ ಶುಕ್ರವಾರ ನಿಮ್ಮೂರು ಮಾಣಿಗೆ ಬಂದಿದ್ದೆ. ನಿನ್ನ ಎಸ್‌ಟಿಡಿ ಬೂತಿನ ಶಟರ್ ಎಳೆದಿತ್ತು. ಹಳದಿ ಬೋರ್ಡೂ ಇರಲಿಲ್ಲ, ಗೋಡೆಯಲ್ಲಿ ನಾಲ್ಕು ಮೊಳೆ ಮಾತ್ರ. ಮುಚ್ಚಿ ಮೂರು ವಾರ ಆಯಿತು ಎಂದು ಪಕ್ಕದ ಹೋಟೆಲಿನ ಚನಿಯಪ್ಪಣ್ಣ ಹೇಳಿದರು. ಮನೆಗೆ ಬಂದೆ. ನಿನಗೆ ತಲೆನೋವು, ಮಲಗಿದ್ದೀ ಎಂದು ನಿನ್ನ ಅತ್ತೆ ಚಹಾ ಕೊಟ್ಟರು. ಪರದೆಯ ಅಡಿಯಲ್ಲಿ ನಿನ್ನ ಪಾದ ಕಾಣುತ್ತಿತ್ತು ಸಮೀನಾ. ನಾನು ಚಹಾ ಮುಗಿಸುವವರೆಗೂ ನೀನು ಅಲ್ಲೇ ನಿಂತಿದ್ದೆ, ಈಚೆಗೆ ಬರಲಿಲ್ಲ. ಬಸ್ಸಿನಲ್ಲಿ ನಾನು ಅತ್ತದ್ದು ಕಂಡು ಕಂಡಕ್ಟರ್ ಚೇಂಜ್ ಕೇಳುವುದನ್ನೇ ಬಿಟ್ಟ.

ನಿನಗೆ ಗೊತ್ತಿದ್ದದ್ದನ್ನೇ ಬರೆಯುತ್ತೇನೆ, ಬೈಯಬೇಡ. ಎಲ್ಲಿ ತಪ್ಪಿದೆ ಎಂದು ನನಗೆ ನಾನೇ ಒಮ್ಮೆ ಹೇಳಿಕೊಳ್ಳಬೇಕಾಗಿದೆ.

‘ರಾಷ್ಟ್ರದ ಆರ್ಥಿಕ ಸ್ಪರ್ಧಾಶಕ್ತಿಯಲ್ಲಿ ಸೇವಾ ವಲಯದ ಪಾತ್ರ’ ಎಂಬ ನನ್ನ ಸಂಶೋಧನೆಯ ಹೆಸರು ಕೇಳಿದಾಗ ನೀನು ಎಷ್ಟು ನಗಾಡಿದ್ದೆ! ದೇಶ ದೇಶಗಳ ನಡುವಿನ ಪೈಪೋಟಿಗೆ ನಮ್ಮ ಮಾಣಿ ಬೂತೂ ಉಂಟಾ ಎಂದು ಕೇಳಿದ್ದೆ. ಉಂಟು ಎಂದೆ ನಾನು, ಬಹಳ ಜಂಬದಿಂದ. ಸರಕು ಮಾಡುವವರು ಮಾತ್ರ ದೇಶ ಕಟ್ಟುವುದಲ್ಲ, ಸುದ್ದಿ ಮುಟ್ಟಿಸುವವರು, ಬಟ್ಟೆ ಹೊಲಿಯುವವರು, ಲಾರಿ ಬುಕ್ ಮಾಡುವವರು ಚುರುಕಾಗಿದ್ದರೆ ಮಾತ್ರ ಉಳಿದದ್ದೆಲ್ಲ ಓಡುವುದು ಎಂದು ಪಾಠ ಮಾಡಿದೆ. ಪ್ರಶ್ನಾವಳಿ ಹಿಡಿದುಕೊಂಡು ಬಂಟ್ವಾಳದ ಟೈಲರ್, ಬೆಳ್ತಂಗಡಿಯ ಟೈಪಿಂಗ್ ಸೆಂಟರ್, ಇಲ್ಲಿಯ ಲಾಡ್ಜು ಎಂದು ತಿರುಗಿದೆ. ಹೆಚ್ಚಿನವರು ನನ್ನನ್ನು ಇನ್‌ಕಂ ಟ್ಯಾಕ್ಸಿನವಳೆಂದು ತಿಳಿದು ಅರ್ಧ ಸತ್ಯ ಹೇಳಿದರು. ಪೂರ್ತಿ ಸತ್ಯ ಹೇಳಿದ್ದು ನೀನೊಬ್ಬಳೇ.

ಹದಿನಾಲ್ಕನೆಯ ಪ್ರಶ್ನೆ ನೆನಪುಂಟಲ್ಲ? ಶುಲ್ಕ ಪಡೆಯದೆ ನೀಡುವ ಸೇವೆಗಳು ಯಾವುವು ಎಂದು. ಗಲ್ಫಿನಿಂದ ಫೋನ್ ಬಂದರೆ ಓಡಿ ಹೋಗಿ ಮನೆಯವರನ್ನು ಕರೆದು ತರುತ್ತೇನೆ ಎಂದೆ ನೀನು. ಅದನ್ನು ನಾನು ಬರೆದುಕೊಂಡೆ. ನಾನು ಪೆನ್ನು ಕೆಳಗಿಟ್ಟ ಮೇಲೆ ನೀನು ಬೀಯಮ್ಮನ ಸುದ್ದಿ ಹೇಳಿದೆ. ಪ್ರತಿ ಶುಕ್ರವಾರ ಜುಮಾ ನಮಾಜು ಮುಗಿಯುವ ಹೊತ್ತಿಗೆ ಅವರು ಬಂದು ಬೆಂಚಿನಲ್ಲಿ ಕೂರುವುದು, ಮಗ ಝುಬೈರ್ ದುಬಾಯಿಯಿಂದ ಫೋನ್ ಮಾಡುವುದನ್ನು ನಿಲ್ಲಿಸಿ ಆಗಲೇ ಒಂದೂವರೆ ವರ್ಷವಾಗಿದ್ದು, ಅವನು ಅಲ್ಲೇ ಬೇರೆ ಸಂಸಾರ ಹೂಡಿದ್ದಾನೆಂದು ಊರಿಗೆ ಬಂದವರೊಬ್ಬರು ನಿನ್ನ ಕಿವಿಗೆ ಹಾಕಿದ್ದು. ಆ ಮುದುಕಿಗೆ ಅದನ್ನು ಹೇಳುವ ಧೈರ್ಯ ನಿನಗೆ ಬರಲಿಲ್ಲ. ನೀವು ಬರುವ ಮೊದಲೇ ಫೋನ್ ಬಂತು, ಲೈನ್ ಕಟ್ ಆಯಿತು, ಸಲಾಂ ಹೇಳಿದ್ದಾನೆ, ಮಂಡಿನೋವಿಗೆ ದಿನಾ ಎಣ್ಣೆ ಹಚ್ಚಲು ಹೇಳಿದ್ದಾನೆ ಎಂದು ವಾರ ವಾರವೂ ಹೇಳುತ್ತಾ ಬಂದೆ. ಮಗ ಹೇಳಿದ್ದಾನೆಂದು ಅವರು ದಿನಾ ಎಣ್ಣೆ ಹಚ್ಚಿದರು. ನೋವೂ ಕಡಿಮೆಯಾಯಿತಂತೆ.

ಅದನ್ನು ಕೇಳಿ ನನಗೆ ಮೈ ಜುಂ ಎಂದಿತು. ನನ್ನ ಪ್ರಬಂಧ ಪೂರ್ತಿ ಬರೀ ಕೋಷ್ಟಕ, ಜೀವ ಇಲ್ಲ ಎಂದು ಮಾರ್ಗದರ್ಶಕರು ಎರಡು ಸಲ ಬೈದು ಹಿಂದಕ್ಕೆ ಕೊಟ್ಟಿದ್ದ ಸಮಯ ಅದು. ಸೇವೆಯ ನಿಜವಾದ ಬಂಡವಾಳ ಯಂತ್ರವಲ್ಲ, ವಿಶ್ವಾಸ ಎಂದು ಬರೆದೆ. ಉದಾಹರಣೆಗೆ ನಿನ್ನನ್ನೂ ಬೀಯಮ್ಮನನ್ನೂ ಇಟ್ಟೆ. ಸೆಮಿನಾರಿನಲ್ಲಿ ಚಪ್ಪಾಳೆ ಬಿತ್ತು. ಒಬ್ಬರು ಕಣ್ಣು ಒರೆಸಿಕೊಂಡರು. ಪತ್ರಿಕೆಯ ಪುರವಣಿಯವರು ಕೇಳಿದಾಗ ಒಂದು ರಾತ್ರಿಯೂ ಯೋಚಿಸದೆ ಕೊಟ್ಟುಬಿಟ್ಟೆ.

ಹೆಸರು ಬದಲಿಸಿದ್ದೆ, ಸಮೀನಾ. ನಿನ್ನನ್ನು ಫೌಝಿಯಾ ಮಾಡಿದೆ, ಅವರನ್ನು ಆಸ್ಯಮ್ಮ ಮಾಡಿದೆ, ಊರನ್ನು ‘ಹೆದ್ದಾರಿಯ ಒಂದು ಜಂಕ್ಷನ್’ ಎಂದೆ. ಎಣ್ಣೆಯನ್ನು ಮಾತ್ರ ಬದಲಿಸಲಿಲ್ಲ. ಅದೇ ಚೆಂದ ಇತ್ತಲ್ಲ, ಬಿಡಲಿಕ್ಕೆ ಮನಸ್ಸು ಬರಲಿಲ್ಲ.

ಚನಿಯಪ್ಪಣ್ಣನ ಅಭ್ಯಾಸ ನಿನಗೆ ಗೊತ್ತು. ಆದಿತ್ಯವಾರ ಪೇಪರನ್ನು ದೊಡ್ಡದಾಗಿ ಓದಿ, ಅಕ್ಷರ ಬಾರದವರಿಗೆ ತುಳುವಿನಲ್ಲಿ ಬಿಡಿಸಿ ಹೇಳುವುದು. ಅವರ ಮೇಲೆ ತಪ್ಪಿಲ್ಲ. ನಮ್ಮ ಜಲಜಾಕ್ಷಿಯ ಲೇಖನ ಎಂದು ಹೆಮ್ಮೆಯಿಂದ ಓದಿದರಂತೆ. ಎಣ್ಣೆಯ ವಿಷಯ ಬಂದಾಗ ಬೆಂಚಿನಲ್ಲಿದ್ದವರೆಲ್ಲ ಜಗಲಿಯ ಕಡೆ ತಿರುಗಿದರಂತೆ. ಜಗಲಿಯಲ್ಲಿ ಬಸ್ಸಿಗೆ ಕಾಯುತ್ತಿದ್ದವರು ಬೀಯಮ್ಮ.

ಮುಂದಿನ ಶುಕ್ರವಾರ ಅವರು ಎಂದಿನ ಹೊತ್ತಿಗೇ ಬಂದರಂತೆ. ಕೂರಲಿಲ್ಲ. ಎಣ್ಣೆಯ ಬಾಟ್ಲಿಯನ್ನು ನಿನ್ನ ಮೇಜಿನ ಮೇಲಿಟ್ಟು, “ಇದನ್ನು ಹಚ್ಚಲಿಕ್ಕೆ ಹೇಳಿದ್ದು ಯಾರು ಮಗಳೇ?” ಎಂದು ಕೇಳಿದರಂತೆ. ಅವರು ಹಾಗೆಯೇ ಕುಂಟುತ್ತಾ ಹೋದರು, ಮತ್ತೆ ಆ ಕಡೆಗೆ ಬರಲಿಲ್ಲ. ಆಮೇಲೆ ಉಳಿದ ಹೆಂಗಸರೂ ಶುರು ಮಾಡಿದರಲ್ಲ? ಗಂಡನ ಫೋನ್ ಬಂದಿತ್ತು ಎಂದು ನೀನು ಹೇಳಿದರೆ, ನಿಜವಾಗಿ ಬಂದಿತ್ತಾ, ದೇವರಾಣೆ ಹೇಳು ಎಂದು. ನಿಜ ಹೇಳಿದರೂ ಯಾರೂ ನಂಬದ ಕಡೆ ಬೂತು ಇಟ್ಟುಕೊಂಡು ಏನು ಮಾಡುವುದು ಎಂದು ನೀನು ಶಟರ್ ಎಳೆದೆಯಂತೆ. ವಿಶ್ವಾಸವೇ ಬಂಡವಾಳ ಎಂದು ಬರೆದವಳು ನಾನು. ಅದನ್ನು ಮುಳುಗಿಸಿದವಳೂ ನಾನೇ.

ಆದರೂ ಒಂದು ಮಾತು ಹೇಳುತ್ತೇನೆ, ಸಿಟ್ಟು ಮಾಡಬೇಡ. ನೀನಾದರೂ ಒಂದು ಮಾತು ಹೇಳಿ ತಡೆಯಬಹುದಿತ್ತು. ಇದು ಬರೆಯಬೇಡ ಎಂದು ನೀನು ಹೇಳಿದ ನೆನಪು ನನಗಿಲ್ಲ. ಹೇಳಿದ್ದರೆ ಖಂಡಿತ ಬರೆಯುತ್ತಿರಲಿಲ್ಲ. ಗೆಳತಿಗೆ ಹೇಳಿದ್ದು ಯಾವುದು, ಸಂಶೋಧಕಿಗೆ ಹೇಳಿದ್ದು ಯಾವುದು ಎಂದು ನನಗೆ ಗೊತ್ತಾಗಲಿಲ್ಲ, ಅಷ್ಟೆ.

ಬೀಯಮ್ಮನ ಮನೆಯ ಓಣಿಯ ತನಕ ಹೋಗಿದ್ದೆ ಮೊನ್ನೆ. ಅವರು ಗೋಡೆ ಹಿಡಿದು ಹಿಡಿದು ಬಾವಿಕಟ್ಟೆಗೆ ಬರುವುದು ಕಂಡಿತು. ಅಲ್ಲಿಂದಲೇ ತಿರುಗಿ ಬಂದೆ. ಪ್ರಬಂಧದಿಂದ ಆ ಅಧ್ಯಾಯವನ್ನು ತೆಗೆದಿದ್ದೇನೆ. ಪೇಪರಿನಿಂದ ತೆಗೆಯಲಿಕ್ಕೆ ಆಗುವುದಿಲ್ಲವಲ್ಲ. ನೀನು ಅವರ ಹತ್ತಿರ ಹೋಗುವುದಾದರೆ ನನ್ನನ್ನೂ ಕರೆ, ಇಬ್ಬರೂ ಹೋಗುವ. ಬೈದರೆ ನಾನು ಮುಂದೆ ನಿಲ್ಲುತ್ತೇನೆ. ಉತ್ತರ ಬರೆಯಲು ಮನಸ್ಸಾಗದಿದ್ದರೆ ಖಾಲಿ ಕಾರ್ಡನ್ನಾದರೂ ಹಾಕು.

ಅದೇ ಬೆಂಚಿನವಳು,
ಜಲಜಾಕ್ಷಿ

ಮರೆತ ಮಾತು: ಕವರು ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನೆನಪಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ನನ್ನ ನೋಟ್‌ಬುಕ್ಕಿನ ಆ ಪುಟವನ್ನು ಕಿತ್ತು ಇದರೊಳಗೆ ಇಟ್ಟಿದ್ದೇನೆ, ಸುಡುವುದಾದರೆ ಅದನ್ನೂ ಸುಡು. “ಇದೊಂದು ಬರೆಯಬೇಡ ಮಾರಾಯ್ತಿ, ಬೀಯಮ್ಮ ಬದುಕಿರುವವರೆಗೆ ಬೇಡ” ಎಂದು ನೀನು ಹೇಳಿದ್ದನ್ನು ಅವತ್ತೇ ಬರೆದುಕೊಂಡಿದ್ದೇನೆ. ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಒಳ್ಳೆಯ ಉದಾಹರಣೆ’ ಎಂದು ಬರೆದಿರುವ ಅಕ್ಷರವೂ ನನ್ನದೇ.