ಗಾಜಿನ ಪಾತ್ರೆಯಲ್ಲಿ ಹುಟ್ಟಿದ್ದು

ಪ್ರೆಸ್ಸಿನ ಮೇಲಿನ ಕೋಣೆ
ಮಂಗಳವಾರ, ಮಾರ್ಚ್ 10

ಪ್ರೀತಿಯ ಅಕ್ಕನಿಗೆ,

ನಮ್ಮ ವಿಚಾರವಾದಿ ಸಂಘದ ಭಾನುವಾರದ ಸಭೆಗೆಂದು ಭಾವ ಅಚ್ಚು ಹಾಕುತ್ತಿರುವ ಕರಪತ್ರ ಸುಳ್ಳು. 'ಜಡದಿಂದ ಜೀವ ಹುಟ್ಟಿತು! ಕಣ್ಣಾರೆ ಕಂಡವಳ ಮಾತು ಕೇಳಿ' ಎಂದು ದಪ್ಪಕ್ಷರದಲ್ಲಿದೆ. ಆ ಕಣ್ಣಾರೆ ಕಂಡವಳು ನಾನು. ನಾನು ಕಂಡದ್ದು ಜೀವದ ಹುಟ್ಟಲ್ಲ.

ಹೇಗಿದ್ದೀಯ ಎಂದು ಮೊದಲು ಕೇಳಬೇಕಿತ್ತು, ಕ್ಷಮಿಸು. ನರ್ಸ್ ತರಬೇತಿ ಮುಗಿಯುತ್ತ ಬಂತಲ್ಲ, ಕಾಲುನೋವು ಇಳಿಯಿತೆ? ನಿನ್ನ ಹಿಂದಿನ ಕಾಗದಗಳಿಗೆ ಉತ್ತರ ಬರೆಯಲಿಲ್ಲ. ಮೊದಲು ಸಂಭ್ರಮದಲ್ಲಿ ಪುರುಸೊತ್ತಿರಲಿಲ್ಲ, ಆಮೇಲೆ ಭಯಕ್ಕೆ ಕೈ ಓಡಲಿಲ್ಲ. ಫೋನ್ ಮಾಡೋಣವೆಂದರೆ ಅದಿರುವುದು ಭಾವನ ಮೇಜಿನ ಮೇಲೆ. ಇದನ್ನು ಬರೆಯುವಾಗಲೂ ಕೆಳಗೆ ಯಂತ್ರ ಓಡುತ್ತಿದೆ. ನೆಲ ನಡುಗಿ ಲೋಟದ ನೀರು ಅಲುಗುತ್ತಿದೆ. ಒಂದೊಂದು ಸದ್ದಿಗೂ ನನ್ನ ಹೆಸರಿನಲ್ಲಿ ಒಂದು ಸುಳ್ಳು ಹೊರಬೀಳುತ್ತಿದೆ.

ನಮ್ಮ ವಿಜ್ಞಾನ ಮ್ಯೂಸಿಯಮ್ಮಿನ ಮೂಲೆಯಲ್ಲಿ ದುಂಡನೆಯ ಗಾಜಿನ ಪಾತ್ರೆಯೊಂದಿದೆ, ನೀನೂ ನೋಡಿದ್ದೀಯ. ಒಳಗೆ ನೀರು, ಒಂದಷ್ಟು ಅನಿಲ. ಮಿಂಚಿನ ಹಾಗೆ ವಿದ್ಯುತ್ತಿನ ಕಿಡಿ ಹಾಯಿಸುತ್ತ ಹೋದರೆ ಕೆಲವು ದಿನಗಳಲ್ಲಿ ನೀರು ಕಂದುಬಣ್ಣಕ್ಕೆ ತಿರುಗುತ್ತದೆ. ಜೀವಿಗಳ ಮೈಯಲ್ಲಿರುವ ಕೆಲವು ವಸ್ತುಗಳು ಅದರಲ್ಲಿ ತಾವಾಗಿ ಕೂಡಿಕೊಳ್ಳುತ್ತವೆ. ವಸ್ತುಗಳು ಮಾತ್ರ, ಜೀವವಲ್ಲ. ಶಾಲೆಯ ಮಕ್ಕಳಿಗೆ ದಿನವೂ ಹೀಗೆ ವಿವರಿಸುವುದೇ ನನ್ನ ಕೆಲಸ. ಹೋದ ತಿಂಗಳು ಒಂದು ಬೆಳಿಗ್ಗೆ ಆ ಕಂದು ನೀರಿನ ಮೇಲೆ ಬೆಳ್ಳಗೆ, ನವಿರಾಗಿ, ಏನೋ ಬೆಳೆದಿತ್ತು. ಮರುದಿನ ಇನ್ನಷ್ಟು ದೊಡ್ಡದಾಗಿತ್ತು. ಮುಚ್ಚಿದ ಪಾತ್ರೆ! ನನಗೆ ಮೈಯೆಲ್ಲ ಜುಮ್ಮೆಂದಿತು. ಯಾರನ್ನೂ ಕೇಳದೆ ಪ್ರೆಸ್ಸಿಗೆ ಓಡಿಬಂದು ಭಾವನಿಗೆ ಹೇಳಿದೆ. ಮಸಿ ಹತ್ತಿದ ಕೈಯನ್ನು ನನ್ನ ತಲೆಯ ಮೇಲಿಟ್ಟು, "ಇಡೀ ಪ್ರಪಂಚ ಕಾಯ್ತಿದ್ದದ್ದು ನಮ್ಮೂರಲ್ಲಿ ಆಯ್ತಲ್ಲೇ!" ಎಂದರು. ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ಸಭೆಯಲ್ಲಿ ತೋರಿಸಲು ಪಾತ್ರೆ ಬೇಕೆಂದು ಕೇಳಲು ಶುಕ್ರವಾರ ರಿಪೇರಿ ಮಾಮನ ಹತ್ತಿರ ಹೋದೆ. ಮ್ಯೂಸಿಯಮ್ಮಿನ ಯಂತ್ರಗಳನ್ನೆಲ್ಲ ನೋಡಿಕೊಳ್ಳುವವರು ಅವರೇ. ಕೆಮ್ಮು ಬರುವವರೆಗೂ ನಕ್ಕರು.

"ಅಯ್ಯೋ ತಾಯಿ, ಅದು ಟೀ!"

"ಯಾವ ಟೀ?"

"ನಾನು ಕುಡಿಯೋ ಟೀ. ಕಿಡಿ ಹಾರಿಸೋ ಯಂತ್ರ ಕೆಟ್ಟು ಯಾವ ಕಾಲ ಆಯ್ತು. ಹೊಸದು ಕೊಡ್ಸಿ ಅಂದ್ರೆ ಸಾಹೇಬ್ರು ನೋಡೋಣ ಅಂತಾರೆ. ನೀರು ತಿಳಿಯಾಗೇ ಇದ್ರೆ ಮಕ್ಕಳು ಏನು ನೋಡ್ಬೇಕು? ಒಂದು ನೀಲಿ ಬಲ್ಬು ಮಿಣುಕಿಸಿ, ಮುಚ್ಚಳ ತೆಗೆದು ಮಿಕ್ಕಿದ ಟೀ ಸೋಸಿ ಹಾಕ್ತೀನಿ. ಈ ಸಲ ಸಕ್ಕರೆ ಜಾಸ್ತಿ ಇತ್ತು ನೋಡು, ಬೂಷ್ಟು ಸೊಂಪಾಗಿ ಬಂದಿದೆ."

ಅಕ್ಕಾ, ನಗಬೇಡ. ನಗುವುದಾದರೆ ಈಗಲೇ ನಕ್ಕುಬಿಡು, ಭಾನುವಾರ ಸಭೆಗೆ ಬಂದಾಗ ನಗಬೇಡ.

ಮ್ಯೂಸಿಯಮ್ಮಿನಲ್ಲಿ ವಿವರಿಸುವ ನಮಗೆ ಪಾಠ ಹೇಳಲು ಕಾಲೇಜಿನಿಂದ ಬರುವ ಮೇಡಂ ಮರುದಿನ ಸಿಕ್ಕರು. "ಟೀ ಹೋಗಲಿ ಮೇಡಂ, ನಿಜವಾಗಿ ಜೀವ ಹೇಗೆ ಶುರುವಾಯ್ತು ಹೇಳಿ, ಅದನ್ನೇ ಸಭೆಯಲ್ಲಿ ಹೇಳ್ತೀನಿ" ಎಂದೆ.

"ಗೊತ್ತಿಲ್ಲ" ಎಂದರು.

"ನಿಮಗಾ?"

"ಯಾರಿಗೂ. ಸಮುದ್ರದ ತಳದ ಬಿಸಿ ಬುಗ್ಗೆಗಳಲ್ಲಿ ಅಂತ ಕೆಲವರು, ಒಣಗಿ ತುಂಬೋ ಹೊಂಡಗಳಲ್ಲಿ ಅಂತ ಕೆಲವರು. ಇಟ್ಟಿಗೆ ಹೇಗಾಗಬಹುದು ಅಂತ ಒಂದಿಷ್ಟು ಗೊತ್ತು. ಇಟ್ಟಿಗೆ ರಾಶಿ ಉಸಿರಾಡೋಕೆ ಶುರುಮಾಡಿದ್ದು ಹೇಗೆ, ಗೊತ್ತಿಲ್ಲ. ಯಾಕೆ ಹಾಗೆ ಬೆವರ್ತಿದೀಯ?"

ಬೆವರುತ್ತಿದ್ದೆ, ನಿಜ. ಇಷ್ಟು ವರ್ಷ ಬೀದಿ ಬೀದಿಯಲ್ಲಿ ಕರಪತ್ರ ಹಂಚುತ್ತ 'ನಮಗೆ ಗೊತ್ತು' ಎಂದು ಕೂಗಿದವಳು ನಾನು. ಶಾಲೆ ಬಿಟ್ಟ ಮೇಲೆ ಓದಿದ್ದೆಲ್ಲ ಭಾವನ ಪ್ರೆಸ್ಸಿನ ಹಾಳೆಗಳಲ್ಲೇ. ಮೇಡಂ ಆ ಮಾತನ್ನು ಊಟವಾಯಿತು ಎನ್ನುವಷ್ಟು ಸಲೀಸಾಗಿ ಹೇಳಿದರು. ನನಗೆ ಮಾತ್ರ ಮೆಟ್ಟಿಲು ಇದೆಯೆಂದು ಕಾಲಿಟ್ಟಲ್ಲಿ ಮೆಟ್ಟಿಲೇ ಇಲ್ಲದ ಹಾಗಾಯಿತು. ಅವತ್ತಿನಿಂದ ಅನ್ನ ಸೇರುತ್ತಿಲ್ಲ.

ಭಾವನಿಗೂ ಟೀ ವಿಷಯ ಹೇಳಿದೆ. ಅಚ್ಚಿನ ಅಕ್ಷರದ ಮೊಳೆ ಜೋಡಿಸುತ್ತಿದ್ದವರು ತಲೆಯೆತ್ತಲಿಲ್ಲ. "ಯಾರು ಹೇಳಿದ್ರು?" ಎಂದರು.

"ಯಾರಾದರೇನು ಭಾವ, ಕರಪತ್ರ ನಿಲ್ಲಿಸಿ. ಗೊತ್ತಿಲ್ಲ ಅಂತಲೇ ಹೇಳೋಣ."

"ಹೇಳು. ನೀನು ಖಾಲಿ ಬಿಟ್ಟ ಜಾಗದಲ್ಲಿ ನಾಳೆ ಬೆಳಿಗ್ಗೆ ದೇವರೇ ಮಾಡಿದ ಅನ್ನೋರು ಕುರ್ಚಿ ಹಾಕ್ಕೊಂಡು ಕೂತಿರ್ತಾರೆ. ಆಮೇಲೆ ಎಬ್ಬಿಸೋಕೆ ನೀನೇ ಹೋಗು."

"ಹಾಗಂತ ನಾವು ಅಲ್ಲಿ ಬೂಷ್ಟು ಕೂರಿಸೋದಾ?"

ಆಗ ತಲೆಯೆತ್ತಿದರು. ಬೈಯಲಿಲ್ಲ. "ಈ ಮನೆ, ಈ ಪ್ರೆಸ್ಸು, ನಿನ್ನ ಕೋಣೆ, ಎಲ್ಲ ಆ ಸಂಘದ ಮೇಲೆ ನಿಂತಿದೆ. ನಿನ್ನ ಅಕ್ಕನೂ" ಎಂದು ಮತ್ತೆ ಮೊಳೆ ಹಿಡಿದರು. ಬೈದಿದ್ದರೆ ಚೆನ್ನಾಗಿತ್ತು.

ನನಗೆ ಯಾವುದರ ಭಯ ಹೆಚ್ಚು ಎಂದು ತಿಳಿಯುತ್ತಿಲ್ಲ. ಸಭೆಯಲ್ಲಿ ಮುಂದಿನ ಸಾಲಿನವರೆಲ್ಲ ನಾನು ಚಿಕ್ಕವಳಿದ್ದಾಗಿನಿಂದ ನನ್ನನ್ನು ಬಲ್ಲವರು. ಅವರೆದುರು 'ಇದು ಟೀ' ಎಂದರೆ ಭಾವನ ಮುಖ ಏನಾಗಬಹುದು? ಆಮೇಲೆ ನಾನು ಯಾವ ಮನೆಗೆ ಹೋಗಲಿ? ನೀನು ಯಾರ ಕಡೆ ನಿಲ್ಲಬೇಕಾಗುತ್ತದೆ? ಆದರೂ ವೇದಿಕೆ ಹತ್ತುತ್ತೇನೆ. ಟೀ ಎನ್ನುತ್ತೇನೆ. ಮೇಡಂ ಹೇಳಿದ್ದನ್ನೂ ಹೇಳುತ್ತೇನೆ, ಗೊತ್ತಿಲ್ಲ, ಹುಡುಕುತ್ತಿದ್ದಾರೆ ಎಂದು. ಇಷ್ಟು ಕಾಲ ಎದುರಿನವರಿಗೆ ಪುರಾವೆ ಕೊಡಿ ಎಂದು ಗಂಟಲು ಹರಿದುಕೊಂಡವಳು ನನ್ನ ಪುರಾವೆಯನ್ನು ಮುಚ್ಚಿಡಲಾರೆ. ನಾನು ಹೇಳುವ ಮೊದಲು ನಿನಗೆ ಗೊತ್ತಿರಬೇಕು ಎಂದೇ ಈ ಕಾಗದ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಬೇಡ, ನಿನಗೆ ಗಾಳಿ ಆಗುವುದಿಲ್ಲ. ಎಲ್ಲರೂ ನಿನ್ನಂಥ ಅಕ್ಕನನ್ನು ಪಡೆಯಲಿ. ನೀನು ಸುಖವಾಗಿರು.

ನಿನ್ನ,
ಗುಡುಗು
(ನೀನಿಟ್ಟ ಹೆಸರು, ಈಗ ಸದ್ದೇ ಇಲ್ಲ)

ಮರೆತೆ ಎನ್ನಲಾರೆ, ಬರೆಯಲು ಧೈರ್ಯ ಬಾರದೆ ಸಹಿ ಹಾಕಿಬಿಟ್ಟಿದ್ದೆ: ಟೀ ಎಂದಾಗ ಭಾವನಿಗೆ ಆಶ್ಚರ್ಯವೇ ಆಗಲಿಲ್ಲವಲ್ಲ, ಅದು ನನ್ನನ್ನು ಕೊರೆಯುತ್ತಿತ್ತು. ಇವತ್ತು ರಿಪೇರಿ ಮಾಮನನ್ನು ಕೇಳಿದೆ. "ನಿಮ್ಮ ಭಾವ ಅಚ್ಚಿಗೆ ಕೊಡೋ ಮುಂಚೆನೇ ಬಂದು ಎಲ್ಲ ಕೇಳ್ಕೊಂಡು ಹೋದ್ರಲ್ಲ. ಹುಡುಗಿಗೆ ಹೇಳ್ಬೇಡಿ, ಅವಳು ನಂಬಿದ್ರೇ ಜನ ನಂಬೋದು ಅಂದ್ರು" ಎಂದರು. ಅಕ್ಕಾ, ಪ್ರಶ್ನೆ ಕೇಳು ಎಂದು ನನಗೆ ಕಲಿಸಿದವರು ಅವರು. ಅಚ್ಚಿನ ಮೊಳೆಗಳ ಜೊತೆ ನನ್ನನ್ನೂ ಒಂದು ಮೊಳೆಯಾಗಿ ಜೋಡಿಸಿದ್ದಾರೆ. ಇದನ್ನು ಸಭೆಯಲ್ಲಿ ಹೇಳುವುದಿಲ್ಲ, ನಿನಗೆ ಮಾತ್ರ. ಸಭೆ ಐದಕ್ಕೆ. ನೀನು ಮನೆಗೆ ಹೋಗದೆ ನೇರ ನನ್ನ ಹತ್ತಿರ ಬಾ. ಭಾನುವಾರ ಸಂಜೆ ನಾಲ್ಕು ಗಂಟೆಗೆ, ಬಸ್ ನಿಲ್ದಾಣದ ಗಡಿಯಾರದ ಕೆಳಗೆ ನಿಂತಿರುತ್ತೇನೆ.